ಐವತ್ತು ಪಂಡಿತರನ್ನು ಸೋಲಿಸಿದ ಹುಡುಗಿ

ಹಳೇ ಗೋವಾದ ಸೇ ಕ್ಯಾಥೆಡ್ರಲ್ ಎಂಬ ದೊಡ್ಡ ಚರ್ಚನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳ ಹೆಸರಿನದು.

4ನೇ ಶತಮಾನದ ಆರಂಭ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ರೋಮನ್ ಚಕ್ರವರ್ತಿಯನ್ನು ಈ ಹುಡುಗಿ ಪ್ರಶ್ನಿಸಿದಳಂತೆ. ಅವನು ಕರೆಸಿದ 50 ಪಂಡಿತರನ್ನೂ ವಾದದಲ್ಲಿ ಸೋಲಿಸಿದಳಂತೆ. ಅವನನ್ನು ಮದುವೆಯಾಗಲೂ ಒಪ್ಪಲಿಲ್ಲ. ಮುಳ್ಳಿನ ಚಕ್ರಕ್ಕೆ ಕಟ್ಟಿದರೆ ಚಕ್ರವೇ ಮುರಿಯಿತು. ಕೊನೆಗೆ ತಲೆ ಕಡಿದರು.

ಇದು ಐತಿಹ್ಯ, ಅವಳ ಕಾಲದ ದಾಖಲೆ ಒಂದೂ ಇಲ್ಲ. ಹಾಗಾಗಿ 1969ರಲ್ಲಿ ರೋಮಿನ ಚರ್ಚು ಅವಳ ಹಬ್ಬವನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು, 2002ರಲ್ಲಿ ಮತ್ತೆ ಸೇರಿಸಿತು.

1510ರ ನವೆಂಬರ್ 25ರಂದು, ಅವಳ ಹಬ್ಬದ ದಿನವೇ, ಪೋರ್ಚುಗೀಸರು ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ಕಿತ್ತುಕೊಂಡರು. ಅದಕ್ಕೇ ಚರ್ಚಿಗೆ ಆ ಹೆಸರು. ಮಾತಿನಿಂದ ಗೆದ್ದು ಕತ್ತಿಗೆ ಬಲಿಯಾದವಳ ಹೆಸರು ಕತ್ತಿಯ ಗೆಲುವಿಗೇ ಅಂಟಿಕೊಂಡಿತು. ಮುಂದಿನ ಸಲ ಅಲ್ಲಿಗೆ ಹೋದಾಗ ಮಕ್ಕಳಿಗೆ ಆ ವಾದದ ಕತೆಯನ್ನೂ ಹೇಳೋಣ.