ಮತದಾರರ ಪಟ್ಟಿ ಮತ್ತು ಊರು ಬಿಟ್ಟವರು

2024ರ ಮೇ 13, ಸೋಮವಾರ, ಪುಣೆಯಲ್ಲಿ ಲೋಕಸಭೆಗೆ ಮತದಾನ ನಡೆಯಿತು. ಮರುದಿನ ಆಫೀಸಿನಲ್ಲಿ ಚಹಾ ಕುಡಿಯುವಾಗ ನಮ್ಮ ತಂಡದ ಹುಡುಗರ ಎಡಗೈ ಬೆರಳುಗಳ ಮೇಲೆ ಕಣ್ಣಾಡಿಸಿದೆ. ಹನ್ನೊಂದು ಜನರಲ್ಲಿ ಮೂವರ ಬೆರಳಿಗೆ ಮಾತ್ರ ಶಾಯಿ ಇತ್ತು. ಮೂವರೂ ಇಲ್ಲೇ ಹುಟ್ಟಿ ಬೆಳೆದವರು. ಉಳಿದವರು ಕಲಬುರಗಿ, ದಾವಣಗೆರೆ, ಇಂದೋರ್ ಹೀಗೆ ಎಲ್ಲೆಲ್ಲಿಂದಲೋ ಬಂದವರು. "ನನ್ನ ಹೆಸರು ಊರಲ್ಲಿದೆ ಸರ್" ಎಂದ ಕಲಬುರಗಿಯ ಹುಡುಗ. ಅವನ ಊರಿನಲ್ಲಿ ಮತದಾನ ಆರು ದಿನ ಮೊದಲೇ, ಮೇ 7ರ ಮಂಗಳವಾರ, ಮುಗಿದಿತ್ತು. ಆ ಮಂಗಳವಾರ ಅವನು ನನ್ನ ಎದುರಿನ ಕುರ್ಚಿಯಲ್ಲೇ ಕೂತು ರಿಲೀಸ್ ಕೆಲಸ ಮಾಡುತ್ತಿದ್ದ. ರಜೆ ಬೇಕೇನಪ್ಪಾ ಎಂದು ನಾನೂ ಕೇಳಿರಲಿಲ್ಲ.

ಅವನನ್ನು ಬೈಯುವ ಯೋಗ್ಯತೆ ನನಗಿಲ್ಲ. 2001ರಲ್ಲಿ ಎಂಟೆಕ್ ಮುಗಿಸಿ ಪುಣೆಗೆ ಬಂದ ನಾನು ಹನ್ನೆರಡು ವರ್ಷ ಇದೇ ಮಾತು ಹೇಳಿಕೊಂಡು ಬಂದೆ. 2004 ಮತ್ತು 2009ರ ಲೋಕಸಭೆ ಚುನಾವಣೆಗಳನ್ನು ಟಿವಿಯಲ್ಲಿ ನೋಡಿದೆ. 2013ರ ವಿಧಾನಸಭೆ ಚುನಾವಣೆಗೆ ಹಟ ಹಿಡಿದು ರಾತ್ರಿ ಬಸ್ಸಿನಲ್ಲಿ ಊರಿಗೆ ಹೋದರೆ, ನಾನು ಕಲಿತ ಕನ್ನಡ ಶಾಲೆಯ ಮತಗಟ್ಟೆಯಲ್ಲಿ ಅಪ್ಪ, ಅವ್ವ, ತಮ್ಮ ಎಲ್ಲರ ಹೆಸರಿತ್ತು, ನನ್ನದಿರಲಿಲ್ಲ. ಊರಿನಲ್ಲಿ ವಾಸವಿಲ್ಲವೆಂದು ತೆಗೆದಿದ್ದರು. ತೆಗೆದದ್ದು ತಪ್ಪೆಂದೂ ಹೇಳಲಾರೆ, ನಾನು ನಿಜಕ್ಕೂ ಅಲ್ಲಿರಲಿಲ್ಲ. ಪುಣೆಯ ಪಟ್ಟಿಗಂತೂ ಸೇರಿಯೇ ಇರಲಿಲ್ಲ. ಮೂವತ್ತೈದನೆಯ ವಯಸ್ಸಿನಲ್ಲಿ, ಮತದಾರರ ಪಟ್ಟಿಯ ಲೆಕ್ಕದಲ್ಲಿ, ನಾನು ಈ ದೇಶದ ಯಾವ ಊರಿನಲ್ಲೂ ಇರಲಿಲ್ಲ.

ಆಮೇಲೆ ಈ ಪಟ್ಟಿ ಎಂಬುದು ಮೊದಲು ಹುಟ್ಟಿದ್ದು ಹೇಗೆ ಎಂದು ಓದಲು ತೊಡಗಿದೆ. ಇಸ್ರೇಲಿನ ಇತಿಹಾಸಕಾರ್ತಿ ಓರ್ನಿಟ್ ಶಾನಿ ಈ ವಿಷಯದ ಮೇಲೆಯೇ ಒಂದು ಇಡೀ ಪುಸ್ತಕ ಬರೆದಿದ್ದಾರೆ. ನಮ್ಮಂಥ ವಲಸಿಗರು ಓದಲೇಬೇಕಾದ ಕಥೆ ಅದರಲ್ಲಿದೆ.

ಬ್ರಿಟಿಷರ 1935ರ ಕಾಯ್ದೆಯಡಿ ಮತ ಹಾಕಲು ಆಸ್ತಿಯೋ, ತೆರಿಗೆ ಕಟ್ಟಿದ ರಸೀದಿಯೋ, ಓದಿನ ಅರ್ಹತೆಯೋ ಬೇಕಿತ್ತು. ಹಾಗಾಗಿ ಆಗ ಮತದಾರರಾಗಿದ್ದವರು ಸುಮಾರು 3 ಕೋಟಿ. ಸ್ವತಂತ್ರ ಭಾರತದ ಮೊದಲ ಚುನಾವಣೆಯ ಹೊತ್ತಿಗೆ ಆ ಸಂಖ್ಯೆ 17 ಕೋಟಿ ದಾಟಿತ್ತು. ಇದರ ಕೆಲಸ ಸಂವಿಧಾನ ಜಾರಿಯಾದ ಮೇಲೆ ಶುರುವಾಯಿತು ಎಂದೇ ನಾನು ತಿಳಿದಿದ್ದೆ. ಅಲ್ಲ. 1947ರ ನವೆಂಬರ್‌ನಲ್ಲೇ ಸಂವಿಧಾನ ಸಭೆಯ ಸಚಿವಾಲಯ ಇದಕ್ಕೆ ಕೈಹಾಕಿತ್ತು. ಚುನಾವಣಾ ಆಯೋಗ ಇನ್ನೂ ಹುಟ್ಟಿರಲಿಲ್ಲ, ಪೌರತ್ವದ ಕಾನೂನೂ ಇರಲಿಲ್ಲ. ಕೆಲಸದ ಹಿಂದೆ ಇದ್ದವರು ಸಂವಿಧಾನ ಸಲಹೆಗಾರ ಬೆನೆಗಲ್ ನರಸಿಂಗ ರಾವ್, ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಅಧಿಕಾರಿಯಾಗಿ ಬಂಗಾಳ, ಅಸ್ಸಾಂ ಎಂದು ಅವರ ವೃತ್ತಿಜೀವನವೆಲ್ಲ ಊರಿನಿಂದ ಹೊರಗೇ ಕಳೆದಿತ್ತು. ಅವರೂ ಒಂದು ಲೆಕ್ಕಕ್ಕೆ ನಮ್ಮವರೇ.

1948ರ ಮಾರ್ಚ್‌ನಲ್ಲಿ ಎಲ್ಲ ಪ್ರಾಂತ್ಯ, ಸಂಸ್ಥಾನಗಳಿಗೆ ಸೂಚನೆ ಹೋಯಿತು. 1949ರ ಜನವರಿ 1ಕ್ಕೆ 21 ವರ್ಷ ತುಂಬಿರಬೇಕು. 1948ರ ಮಾರ್ಚ್ 31ಕ್ಕೆ ಮುಗಿಯುವ ವರ್ಷದಲ್ಲಿ ಕನಿಷ್ಠ 180 ದಿನ ಆ ಸ್ಥಳದಲ್ಲಿ ವಾಸವಿರಬೇಕು. ಕಾಗದದ ಮೇಲೆ ನೋಡಿದರೆ ತೀರಾ ಸರಳವಾದ ನಿಯಮ. ಆದರೆ ದಿನ ಎಣಿಸಿ ನೋಡಿ. 180 ದಿನ ತುಂಬಬೇಕೆಂದರೆ ಅಕ್ಟೋಬರ್ ಮೊದಲ ವಾರದೊಳಗೆ ಬಂದು ನೆಲೆಸಿರಬೇಕು. ದೇಶ ಒಡೆದದ್ದು ಆಗಸ್ಟ್‌ನಲ್ಲಿ. ಚಳಿಗಾಲವಿಡೀ ಜನ ಗಡಿ ದಾಟಿ ಬರುತ್ತಲೇ ಇದ್ದರು, ಶಿಬಿರದಿಂದ ಶಿಬಿರಕ್ಕೆ ಅಲೆಯುತ್ತಿದ್ದರು. ಮನೆ, ಹೊಲ, ಕಾಗದಪತ್ರ ಎಲ್ಲ ಬಿಟ್ಟು ಬಂದವರು ಯಾವ ಊರಿನಲ್ಲಿ 180 ದಿನ ತೋರಿಸಬೇಕು?

ಸಾಫ್ಟ್‌ವೇರ್‌ನಲ್ಲಿ ಇಂಥದ್ದಕ್ಕೆ ನಾವು ಎಡ್ಜ್ ಕೇಸ್ ಅನ್ನುತ್ತೇವೆ, ಮುಂದಿನ ರಿಲೀಸ್‌ಗೆ ತಳ್ಳುತ್ತೇವೆ. ಅವರು ತಳ್ಳಲಿಲ್ಲ. ನಿರಾಶ್ರಿತರು ಎಷ್ಟು ದಿನದಿಂದ ಇದ್ದಾರೆ ಎಂಬುದನ್ನು ನೋಡಬೇಡಿ, ಈ ಊರಿನಲ್ಲಿ ಶಾಶ್ವತವಾಗಿ ನೆಲೆಸುವ ಇಚ್ಛೆಯಿದೆ ಎಂದು ಹೇಳಿಕೆ ಕೊಟ್ಟರೆ ಸಾಕು, ಹೆಸರು ಬರೆದುಕೊಳ್ಳಿ ಎಂಬ ತೀರ್ಮಾನವಾಯಿತು. ಬರೀ ಒಂದು ಹೇಳಿಕೆ. ನಾನು ಇಲ್ಲಿಯವನಾಗುತ್ತೇನೆ ಎಂಬ ಮಾತೇ ಪುರಾವೆ.

ದೆಹಲಿಯಲ್ಲಿ ಬರೆದದ್ದು ಕೆಳಗೆ ಹಾಗೇ ಇಳಿಯುವುದಿಲ್ಲವಲ್ಲ. ಅಸ್ಸಾಂನಲ್ಲಿ ಸ್ಥಳೀಯ ಆಡಳಿತ ಹಿಂದೇಟು ಹಾಕಿತು. ಬಂದವರು ನೆಲೆಯಿಲ್ಲದೆ ತೇಲುವ ಜನ, ಇವರ ಹೆಸರು ಬರೆಯುವುದು ಹೇಗೆ ಎಂಬುದು ಅವರ ವಾದ. ಆಗ ನಿರಾಶ್ರಿತರ ಸಂಘಗಳು ಸಂವಿಧಾನ ಸಭೆಗೆ ಪತ್ರ ಬರೆಯತೊಡಗಿದವು. ಅದೇ ವರ್ಷದ ಫೆಬ್ರವರಿಯಲ್ಲಿ ಪ್ರಕಟವಾಗಿದ್ದ ಕರಡು ಸಂವಿಧಾನವನ್ನು ಓದಿಕೊಂಡು, ಅದರ ವಿಧಿಗಳನ್ನು ಎತ್ತಿ ತೋರಿಸಿ, ನಮ್ಮ ಹಕ್ಕು ಎಲ್ಲಿ ಎಂದು ಕೇಳಿದರು. ಇನ್ನೂ ಅಂಗೀಕಾರವಾಗದ ಸಂವಿಧಾನ! ಸಚಿವಾಲಯ ಆ ಪತ್ರಗಳನ್ನು ಕಸದ ಬುಟ್ಟಿಗೆ ಹಾಕದೆ ಪ್ರಾಂತ್ಯದ ಸರ್ಕಾರವನ್ನು ವಿಚಾರಿಸಿತು. ತಲೆಯ ಮೇಲೆ ಸೂರಿಲ್ಲದವರು ಪಟ್ಟಿಯಲ್ಲಿ ಒಂದು ಸಾಲಿಗಾಗಿ ಅಷ್ಟು ಬಡಿದಾಡಿದ್ದನ್ನು ಓದಿದಾಗ ನನಗೆ ಆ ಕನ್ನಡ ಶಾಲೆಯ ಮತಗಟ್ಟೆ ನೆನಪಾಗಿ ನಾಚಿಕೆಯಾಯಿತು.

ಪಟ್ಟಿಗೆ ಇನ್ನೊಂದು ಅಡ್ಡಿಯೂ ಬಂತು. ಉತ್ತರದ ಕೆಲವು ರಾಜ್ಯಗಳಲ್ಲಿ ಹೆಂಗಸರು ಅಪರಿಚಿತರ ಮುಂದೆ ಸ್ವಂತ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. 1950ರ ಮಾರ್ಚ್‌ನಲ್ಲಿ ಮೊದಲ ಮುಖ್ಯ ಚುನಾವಣಾ ಆಯುಕ್ತರಾಗಿ ಬಂದ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ, ಹೆಸರು ಹೇಳಲೇಬೇಕು ಎಂದರು. ಬಿಹಾರಕ್ಕೆ ಒಂದು ತಿಂಗಳು ಹೆಚ್ಚಿನ ಗಡುವೂ ಸಿಕ್ಕಿತು. ಆದರೂ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಜನ ಪಟ್ಟಿಯಿಂದ ಹೊರಗುಳಿದರು. ನಮ್ಮ ಕಡೆ ಕಥೆ ತಿರುವುಮುರುವು. ನನ್ನ ಅಜ್ಜಿಗೆ ತನ್ನ ಹೆಸರು ಹೇಳಲು ಸಂಕೋಚವಿರಲಿಲ್ಲ, ಗಂಡನ ಹೆಸರು ಮಾತ್ರ ಒಡಪು ಹಾಕದೆ ಬಾಯಿಂದ ಬರುತ್ತಿರಲಿಲ್ಲ. ಪಟ್ಟಿ ಬರೆಯಲು ಬಂದ ಮಾಸ್ತರರು ಒಡಪು ಕೇಳಿಕೊಂಡೇ ಮುಂದಿನ ಮನೆಗೆ ಹೋಗಿರಬೇಕು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1950ರ ಪ್ರಜಾಪ್ರತಿನಿಧಿ ಕಾಯ್ದೆ 'ಸಾಮಾನ್ಯ ನಿವಾಸಿ' ಎಂಬ ಮಾತನ್ನು ತಂದಿತು. ಒಂದು ಊರಿನಲ್ಲಿ ಮನೆ ಇದ್ದ ಮಾತ್ರಕ್ಕೆ ನೀವು ಅಲ್ಲಿಯ ನಿವಾಸಿಯಲ್ಲ, ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ಅಲ್ಲಿಯವರಲ್ಲವೆಂದೂ ಅಲ್ಲ. ಎರಡು ಕಡೆ ಹೆಸರು ಇರುವಂತಿಲ್ಲ. 61ನೇ ತಿದ್ದುಪಡಿಯಿಂದ 1989ರ ಮಾರ್ಚ್‌ನಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಈಗ ಹದಿನೇಳು ತುಂಬಿದವರೂ ಮುಂಗಡ ಅರ್ಜಿ ಹಾಕಬಹುದು. ಹಾಸ್ಟೆಲ್‌ನಲ್ಲಿ ಓದುವವರು ಅಪ್ಪ-ಅಮ್ಮನ ಊರನ್ನೋ ಹಾಸ್ಟೆಲ್ ಇರುವ ಊರನ್ನೋ ಆರಿಸಿಕೊಳ್ಳಬಹುದು. ಇದು ನಮ್ಮ ಓದುಗರಲ್ಲಿ ಬಹಳ ಜನರಿಗೆ ತಿಳಿದಿಲ್ಲ.

ಇದ್ದಲ್ಲಿಂದಲೇ ಊರಿನ ಮತ ಹಾಕುವ ಯಂತ್ರ ಬರುತ್ತದಲ್ಲ ಎಂದು ಕಾಯುವವರೂ ಇದ್ದಾರೆ. ಚುನಾವಣಾ ಆಯೋಗ 2022ರ ಕೊನೆಗೆ ಅಂಥ ಒಂದು ಮಾದರಿಯನ್ನು ಪ್ರಕಟಿಸಿತು, 2023ರ ಜನವರಿಯಲ್ಲಿ ರಾಜಕೀಯ ಪಕ್ಷಗಳನ್ನು ಕರೆಯಿತು. ಪಕ್ಷಗಳು ಆಕ್ಷೇಪಿಸಿದವು, ಕೆಲಸ ಅಲ್ಲಿಗೇ ನಿಂತಿತು. ನನ್ನ ವೃತ್ತಿಯ ಅನುಭವದಲ್ಲಿ ಯಂತ್ರ ಕಟ್ಟುವುದು ಇದರಲ್ಲಿ ಸುಲಭದ ಭಾಗ. ಅತ್ತ ಪಟ್ಟಿ ಮಾತ್ರ ಯಾರಿಗೂ ಕಾಯುವುದಿಲ್ಲ. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯ ಕರಡಿನಿಂದ ಸುಮಾರು 65 ಲಕ್ಷ ಹೆಸರು ಹೊರಬಿದ್ದವು. ಅದರಲ್ಲಿ ಸುಮಾರು 36 ಲಕ್ಷ ಬೇರೆಡೆಗೆ ಹೋದವರು ಅಥವಾ ಸಿಗದವರು ಎಂದು ಆಯೋಗವೇ ಹೇಳಿತು. ಆ ಪರಿಷ್ಕರಣೆ ಸರಿಯೋ ತಪ್ಪೋ ಎಂಬ ಜಗಳ ಬೇರೆ. ಊರು ಬಿಟ್ಟವರ ಹೆಸರು ಎಷ್ಟು ತೆಳುವಾದ ದಾರದಲ್ಲಿ ತೂಗುತ್ತದೆ ಎಂಬುದಂತೂ ಕಂಡಿತು.

ನಮ್ಮಲ್ಲಿ ಹಲವರಿಗೆ ಇದು ಅರ್ಜಿಯ ಸಮಸ್ಯೆ ಅಲ್ಲ, ಮನಸ್ಸಿನದು. ಪುಣೆಯಲ್ಲೋ ಚೆನ್ನೈಯಲ್ಲೋ ಹೆಸರು ಬರೆಸಿದರೆ ಊರಿನ ಋಣ ಹರಿದಂತೆ ಎಂಬ ಅಳುಕು. ಕೊನೆಗೆ ಊರಿಗೇ ಹೋಗುವವರು ಎಂದುಕೊಳ್ಳುತ್ತಲೇ ಇಪ್ಪತ್ತು ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಪುಣೆ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದು, ಮೂರು ವರ್ಷಕ್ಕೂ ಮೀರಿ ಆಡಳಿತಾಧಿಕಾರಿಯ ಕೈಯಲ್ಲಿತ್ತು. ನೀರಿನ ಟ್ಯಾಂಕರ್ ಬರದ ದಿನ ಯಾರನ್ನು ಕೇಳಬೇಕೆಂದು ನಮ್ಮ ಸೊಸೈಟಿಯ ಕನ್ನಡಿಗರು ವಾಟ್ಸಾಪ್‌ನಲ್ಲಿ ಚರ್ಚಿಸಿದ್ದೇ ಚರ್ಚಿಸಿದ್ದು. ಚುನಾವಣೆ ಯಾಕೆ ಆಗುತ್ತಿಲ್ಲ ಎಂದು ಒಬ್ಬರೂ ಕೇಳಲಿಲ್ಲ. 2014ರಲ್ಲಿ ನಾನು ಇಲ್ಲಿಯ ಪಟ್ಟಿಗೆ ಸೇರಿದೆ. ಊರಿನ ಜಾತ್ರೆಗೆ ಈಗಲೂ ತಪ್ಪದೆ ಹೋಗುತ್ತೇನೆ, ಯಾರೂ ತಡೆದಿಲ್ಲ.

ಕಲಬುರಗಿಯ ಹುಡುಗನ ಹೆಸರು ಊರಿನಲ್ಲೂ ಇರಲಿಲ್ಲ ಎಂಬುದು ಹುಡುಕಿದಾಗ ಗೊತ್ತಾಯಿತು. ಹದಿನೆಂಟು ತುಂಬಿದಾಗ ಯಾರೋ ಸೇರಿಸಿರುತ್ತಾರೆ ಎಂದುಕೊಂಡಿದ್ದನಂತೆ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫಾರ್ಮ್ 6 ತೆರೆದು ಕೂತ. ಈ ವಿಳಾಸದಲ್ಲಿ ಎಂದಿನಿಂದ ವಾಸವಾಗಿದ್ದೀರಿ ಎಂಬ ಸಾಲಿಗೆ ಬಂದಾಗ ನಿಂತುಬಿಟ್ಟ.

"ಯಾವ ದಿನ ಬರೀಲಿ ಸರ್, ಕೆಲಸಕ್ಕೆ ಸೇರಿದ್ದೋ, ರೂಮಿಗೆ ಸಾಮಾನು ಇಳಿಸಿದ್ದೋ?"

"ಸಾಮಾನು ಇಳಿಸಿದ್ದು" ಎಂದೆ. ಅವನು ಮೊಬೈಲಿನಲ್ಲಿ ಹಳೆಯ ಫೋಟೊ ಹುಡುಕಿ ತಾರೀಖು ನೋಡಿಕೊಂಡ.