ಸಿಡಿ ಬಂತು, ಫಾಂಟ್ ಎಲ್ಲಿ?

1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಡಿಟಿಪಿ ಅಂದ್ರೆ ಪೇಜ್‌ಮೇಕರ್. ರಾಣೆಬೆನ್ನೂರಿನ ಲಗ್ನಪತ್ರಿಕೆ ಇರಲಿ, ಬ್ಯಾಡಗಿ ಮೆಣಸಿನಕಾಯಿ ಚೀಲದ ಲೇಬಲ್ ಇರಲಿ, ಸಿಡಿ ಹಾಕಿ ಸಾಫ್ಟ್‌ವೇರ್ ಇಳಿಸಿದರೆ ಅರ್ಧ ಕೆಲಸ ಅಷ್ಟೇ. ಪ್ರತಿ ಕಂಪ್ಯೂಟರಿಗೂ ಅದೇ ಫಾಂಟ್ ಬೇಕು. ಯಾಕಂದ್ರೆ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಮದುಮಗಳ ಹೆಸರೂ ತಲೆಬುಡವಿಲ್ಲದ ಇಂಗ್ಲಿಷ್!

ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಡೋಬಿಯವರದೇ ಇನ್‌ಡಿಸೈನ್ ಯುನಿಕೋಡ್ ಕನ್ನಡವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 2012ರ ಸಿಎಸ್6ರಲ್ಲಿ. ನಡುವಿನ ಹನ್ನೊಂದು ವರ್ಷ ಅಂಗಡಿಯವರು ಏನು ಮಾಡಬೇಕಿತ್ತು? ಹಳೇದರಲ್ಲೇ ಉಳಿದರು, ಫೈಲುಗಳೂ ಉಳಿದವು.

ಇವತ್ತು ಆಫೀಸಿನ ಐಟಿಯವರು ಒಂದೇ ಪ್ಯಾಕೇಜ್ ಕಟ್ಟಿ ನೂರು ಲ್ಯಾಪ್‌ಟಾಪಿಗೆ ಕಳಿಸ್ತಾರೆ. ಆ ಫೈಲ್ ಓದೋಕೆ ಮಾತ್ರ ಹಳೆ ಫಾಂಟನ್ನೇ ಹುಡುಕಬೇಕು, ಇಲ್ಲವೇ ಯುನಿಕೋಡಿಗೆ ಬದಲಿಸಿ ಒತ್ತಕ್ಷರಗಳನ್ನು ಕೂತು ತಿದ್ದಬೇಕು.