ಒಡೆಯರ ಆನೆ ಲಾಯದಿಂದ ಒಡೆಯರಿಲ್ಲದ ಡಿಸ್ಕಿಗೆ: ಮನೆ ವಿಡಿಯೋದಲ್ಲಿ ಕಾರಾಪುರದ ಸಾಬು

ಹೊಸಪೇಟೆ ಸೀಮೆಯ ಚಿತ್ತವಾಡ್ಗಿಯ ನಮ್ಮ ಮನೆಯ ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ ಒಂದೇ ಚಿತ್ರದ ಮೂರು ಪ್ರತಿಗಳಿವೆ. ಚಿತ್ರ 1942ರ ‘ಜಂಗಲ್ ಬುಕ್’. ಮೋಗ್ಲಿಯ ಪಾತ್ರದಲ್ಲಿ ಸಾಬು. ಒಂದು ವಿಎಚ್‌ಎಸ್ ಕ್ಯಾಸೆಟ್ಟು, ಒಂದು ಎರಡು ಡಿಸ್ಕಿನ ವಿಸಿಡಿ, ಇನ್ನೊಂದು ಡಿವಿಡಿ. ಮೂರರ ಮೇಲೂ ಬೇರೆ ಬೇರೆ ಕಂಪನಿಯ ಹೆಸರು. ಮೂರರಲ್ಲೂ ಕಾಡಿನ ಬಣ್ಣ ಬೇರೆ: ಒಂದರಲ್ಲಿ ಎಲೆ ನೀಲಿಗೆ ತಿರುಗಿದೆ, ಇನ್ನೊಂದರಲ್ಲಿ ಇಡೀ ಕಾಡೇ ಇಟ್ಟಿಗೆ ಗೂಡಿನ ಹಾಗೆ ಕೆಂಪು. ಅದೇ ನಟನ ‘ದಿ ಥೀಫ್ ಆಫ್ ಬಾಗ್ದಾದ್’ (1940) ಮೂರು ಆಸ್ಕರ್ ಪಡೆದ ಚಿತ್ರ. ಅದು ನನಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಒಂದೇ ಪ್ರತಿ. ಹೆಚ್ಚು ಹೆಸರು ಮಾಡಿದ ಚಿತ್ರ ಒಂದು ಸಲ, ಅದಕ್ಕಿಂತ ಕಡಿಮೆ ಹೆಸರಿನದು ಮೂರು ಸಲ ನಮ್ಮೂರಿಗೆ ಬಂದದ್ದೇಕೆ ಎಂಬುದು ಈ ಲೇಖನದ ಪ್ರಶ್ನೆ. ಹಳೆಯ ಚಿತ್ರಗಳ ಸಂಗ್ರಹವನ್ನು ರೂಪಿಸುವುದು ಸಂಗ್ರಾಹಕನ ಅಭಿರುಚಿ ಎಂದು ನಾವು ನಂಬಿದ್ದೇವೆ. ಟ್ರಂಕು ಬೇರೆಯೇ ಮಾತು ಹೇಳುತ್ತದೆ.

ಸಾಬು ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ತಂದೆ ಮಾವುತ. ರುಡ್‌ಯಾರ್ಡ್ ಕಿಪ್ಲಿಂಗನ ಒಂದು ಕಥೆಯನ್ನು ಚಿತ್ರವಾಗಿಸಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಒಡೆಯರ ಆನೆ ಲಾಯದ ಈ ತಬ್ಬಲಿ ಹುಡುಗ ಕಣ್ಣಿಗೆ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆ ಕಂಡಿತು. ಅದನ್ನು ನಿರ್ದೇಶಿಸಿದ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೋರ್ಡಾ ಇಬ್ಬರಿಗೂ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಹುಡುಗ ಲಂಡನ್ನಿಗೆ ಹೋದ, ಯುದ್ಧ ಶುರುವಾದ ಮೇಲೆ ಹಾಲಿವುಡ್‌ಗೆ. 1944ರಲ್ಲಿ ಅಮೆರಿಕದ ಪೌರನಾಗಿ, ಆ ದೇಶದ ವಾಯುಪಡೆಯ ಬಾಂಬರ್ ವಿಮಾನಗಳಲ್ಲಿ ಬಂದೂಕು ಹಿಡಿದು ಕೂತ. 1963ರ ಡಿಸೆಂಬರ್ 2ರಂದು ತೀರಿಕೊಂಡಾಗ ಅವನಿಗೆ 39 ವರ್ಷ. ಮನೆಯಲ್ಲಿ ಕೂತು ಸಿನಿಮಾ ನೋಡುವ ಕಾಲ ಬರುವ ಮೊದಲೇ ಹೋದವನು ಆ ಕಾಲದಲ್ಲೇ ಹೆಚ್ಚು ಮನೆಗಳಿಗೆ ಬಂದ.

ಹೇಗೆ ಬಂದ ಎಂಬುದಕ್ಕೆ ಉತ್ತರ ಕಾನೂನಿನ ಪುಸ್ತಕದಲ್ಲಿದೆ. ಅಮೆರಿಕದ ಆಗಿನ ನಿಯಮದ ಪ್ರಕಾರ ಚಿತ್ರದ ಹಕ್ಕು ಮೊದಲಿಗೆ 28 ವರ್ಷದ್ದು. 28ನೆಯ ವರ್ಷ ಅರ್ಜಿ ಹಾಕಿ ನವೀಕರಿಸಿಕೊಳ್ಳಬೇಕು. ‘ಜಂಗಲ್ ಬುಕ್’ನ ಹಕ್ಕನ್ನು ಯಾರೂ ನವೀಕರಿಸಲಿಲ್ಲ. 1970ರ ಹೊತ್ತಿಗೆ ಅದು ಅಲ್ಲಿ ಯಾರ ಸೊತ್ತೂ ಅಲ್ಲದ ಸಾರ್ವಜನಿಕ ಸೊತ್ತಾಯಿತು. ಆಮೇಲೆ ವಿಎಚ್‌ಎಸ್ ಮಾರುಕಟ್ಟೆಗೆ ಬಂತು. ಯಾರ ಬಳಿ ಒಂದು ಪ್ರತಿ ಇತ್ತೋ ಅವರೇ ಕ್ಯಾಸೆಟ್ಟು ಹೊರಡಿಸಿದರು. ಕೈಗೆ ಸಿಕ್ಕಿದ್ದು ಹಲವು ವೇಳೆ ಟಿವಿಗಾಗಿ ಮಾಡಿದ 16 ಮಿಲಿಮೀಟರ್ ಪ್ರತಿ. ಟೆಕ್ನಿಕಲರ್‌ನ ಮೂಲ ಮುದ್ರಣದ ಬಣ್ಣ ಗಟ್ಟಿ. ಈಸ್ಟ್‌ಮನ್ ಫಿಲ್ಮಿನ ಮೇಲೆ ಇಳಿಸಿದ ಪ್ರತಿಗಳಾದರೋ ವರ್ಷ ಕಳೆದಂತೆ ಕೆಂಪಾಗುತ್ತವೆ. ನನ್ನ ಟ್ರಂಕಿನ ಕೆಂಪು ಕಾಡಿನ ಮೂಲ ಅಲ್ಲಿರಬೇಕು. ‘ಬಾಗ್ದಾದ್’ಗೆ ವಾರಸುದಾರರಿದ್ದರು, ಆದ್ದರಿಂದ ಅದು ಕಡಿಮೆ ಬಂತು, ಬಂದಾಗ ಚೆನ್ನಾಗಿ ಬಂತು.

ನಮ್ಮ ಕಡೆಯ ಲೆಕ್ಕ ಬೇರೆ. 1957ರ ಕಾಯ್ದೆ ಚಿತ್ರಗಳಿಗೆ 50 ವರ್ಷದ ಹಕ್ಕು ಕೊಟ್ಟಿತ್ತು. 1992ರ ತಿದ್ದುಪಡಿ ಅದನ್ನು 60ಕ್ಕೆ ಏರಿಸಿತು. ನಡುವೆ 1984ರ ತಿದ್ದುಪಡಿ ವಿಡಿಯೋ ಕಳ್ಳತನವನ್ನು ಗುರಿಯಾಗಿಸಿಕೊಂಡೇ ಬಂದದ್ದು. ಏಷ್ಯನ್ ಕ್ರೀಡಾಕೂಟದ 1982ರಿಂದ ಬಣ್ಣದ ಟಿವಿ, ಅದರ ಬೆನ್ನಿಗೇ ವಿಡಿಯೋ ಡೆಕ್ಕು ಊರೂರಿಗೆ ಹರಡುತ್ತಿದ್ದ ಕಾಲವದು.

ಹೊಸಪೇಟೆ ಸೀಮೆಯಲ್ಲಿ ಡೆಕ್ಕನ್ನು ಕೊಂಡವರಿಗಿಂತ ಬಾಡಿಗೆಗೆ ತಂದವರೇ ಹೆಚ್ಚು. ಟಿವಿ, ಡೆಕ್ಕು, ಮೂರ್ನಾಲ್ಕು ಕ್ಯಾಸೆಟ್ಟು ಸೇರಿಸಿ ಒಂದು ರಾತ್ರಿಗೆ ಇಷ್ಟು ಎಂದು ಮಾತು. ಅಂಗಳದಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ನೋಡಿದರೇನೇ ಕೊಟ್ಟ ದುಡ್ಡು ಗಿಟ್ಟುತ್ತಿದ್ದದ್ದು. 1953ರವರೆಗೆ ಮದರಾಸು ಆಡಳಿತದಲ್ಲಿದ್ದು ತೆಲುಗಿನ ಬಳಕೆಯೂ ಇದ್ದ ಆಗಿನ ಬಳ್ಳಾರಿ ಜಿಲ್ಲೆಯ ಊರಾದ್ದರಿಂದ ಮೊದಲೆರಡು ಕ್ಯಾಸೆಟ್ಟಿನಲ್ಲಿ ಒಂದು ರಾಜಕುಮಾರ್ ಆದರೆ ಇನ್ನೊಂದು ಎನ್.ಟಿ. ರಾಮರಾವ್. ಇಂಗ್ಲಿಷ್ ಚಿತ್ರದ ಸರದಿ ನಡುರಾತ್ರಿಯ ಮೇಲೆ, ಹೆಂಗಸರು ಮಕ್ಕಳು ಮಲಗಿದ ನಂತರ. ‘ಜಂಗಲ್ ಬುಕ್’ ಮಾತ್ರ ಈ ಕಟ್ಟಳೆ ಮೀರಿತ್ತು. ಪ್ರಾಣಿಗಳಿರುವ ಚಿತ್ರವೆಂದು ಮಕ್ಕಳನ್ನೂ ಎಬ್ಬಿಸುತ್ತಿದ್ದರು.

ಚಿತ್ರದಲ್ಲಿ ಕಾಡು ಮುಚ್ಚಿದ ಒಂದು ಹಾಳು ಪಟ್ಟಣವಿದೆ. ಅದರ ನೆಲಮಾಳಿಗೆಯಲ್ಲಿ ನಿಧಿ, ನಿಧಿಗೆ ಕಾವಲಾಗಿ ನಾಗರಹಾವು. ಆಸೆಗೆ ಬಿದ್ದ ಊರಿನ ಮೂವರು ಕೊನೆಗೆ ಒಬ್ಬರನ್ನೊಬ್ಬರು ನಂಬದೆ ಹಾಳಾಗುತ್ತಾರೆ. ಇದೆಲ್ಲ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಸೆಟ್ಟು. ಆದರೆ ನಿಧಿಗಳ್ಳರು ಗುಡಿಯ ಪೀಠ ಅಗೆದು ಹೋದದ್ದನ್ನು ಕಣ್ಣಾರೆ ಕಂಡ ಹಂಪಿ ಸೀಮೆಯವರಿಗೆ ಅದು ಪರದೇಶದ ಕಥೆಯಾಗಿ ಕಾಣಲಿಲ್ಲ. ಹಂಪಿಯ ಗಜಶಾಲೆಯ ಹನ್ನೊಂದು ಅಂಕಣಗಳು ಇವತ್ತು ಖಾಲಿ. ಆನೆ ತುಂಬಿದ ಲಾಯದಿಂದ ಎದ್ದು ಬಂದವನು ಸಾಬು. ಈ ನಂಟನ್ನು ನಾನು ಹೆಚ್ಚು ಎಳೆಯುವುದಿಲ್ಲ.

ಪ್ರತಿಗಳನ್ನು ಹೋಲಿಸುವಾಗ ನಾನೇ ಮೋಸಹೋದ ಒಂದು ಸಂಗತಿ ಹೇಳಬೇಕು. ಚಿತ್ರದ ಉದ್ದ 108 ನಿಮಿಷವೆಂದು ಎಲ್ಲೆಡೆ ದಾಖಲೆ. ನನ್ನ ಕ್ಯಾಸೆಟ್ಟು 104 ನಿಮಿಷಕ್ಕೇ ಮುಗಿಯುತ್ತದೆ. ನಾಲ್ಕು ನಿಮಿಷಕ್ಕೆ ಯಾರೋ ಕತ್ತರಿ ಹಾಕಿದ್ದಾರೆಂದು ನಿರ್ಧರಿಸಿ, ಎರಡು ಪ್ರತಿಗಳನ್ನು ಎದುರುಬದುರು ಇಟ್ಟು ದೃಶ್ಯ ದೃಶ್ಯವನ್ನೂ ಗುರುತು ಹಾಕಿಕೊಂಡೆ. ಒಂದು ದೃಶ್ಯವೂ ಕಳೆದಿರಲಿಲ್ಲ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ನಮ್ಮ ದೇಶದ ಪಾಲ್ ಪದ್ಧತಿಯ ವಿಡಿಯೋ 25. ಹಾಗಾಗಿ ಚಿತ್ರ ನೂರಕ್ಕೆ ನಾಲ್ಕರಷ್ಟು ಬೇಗ ಓಡಿ ಮುಗಿಯುತ್ತದೆ. ದನಿಯೂ ಅಷ್ಟೇ ಏರುತ್ತದೆ. ನಾವು ವರ್ಷಾನುಗಟ್ಟಲೆ ಕೇಳಿದ ಮೋಗ್ಲಿಯ ದನಿ ಸಾಬುವಿನ ದನಿಗಿಂತ ಕೂದಲೆಳೆಯಷ್ಟು ತೆಳು. ಚಿತ್ರಕ್ಕೆ ಮಿಕ್ಲೋಷ್ ರೋಜಾ ಕೊಟ್ಟ ಸಂಗೀತದ ಮಾತೂ ಅದೇ. ಅಮೆರಿಕದಲ್ಲಿ ಈ ಸಂಗೀತ ಸಾಬುವಿನ ನಿರೂಪಣೆಯೊಡನೆ 78 ಆರ್‌ಪಿಎಂ ತಟ್ಟೆಗಳಲ್ಲಿ ಬಂದಿತ್ತು. ಅಲ್ಲಿನ ಕಥಾಚಿತ್ರವೊಂದರ ಹಿನ್ನೆಲೆ ಸಂಗೀತ ಹೀಗೆ ಆಲ್ಬಮ್ಮಾಗಿ ಮಾರಾಟಕ್ಕೆ ಬಂದದ್ದು ಅದೇ ಮೊದಲೆಂದು ಗಣನೆ. ನನ್ನ ಪಾಲಿಗೆ ಬಂದದ್ದು ಕ್ಯಾಸೆಟ್ಟಿನ ಕಿರುದನಿ.

ವಿಸಿಡಿಯ ಕಾಲದಲ್ಲಿ ಬೆಲೆ ಬಿತ್ತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34ಕ್ಕೆ ಮಾರತೊಡಗಿದಾಗ ಬಾಡಿಗೆ ವ್ಯವಹಾರಕ್ಕೆ ಅರ್ಥವೇ ಉಳಿಯಲಿಲ್ಲ. ವಿಸಿಡಿಗೆ ಇನ್ನೊಂದು ಅನುಕೂಲವಿತ್ತು: ಅದಕ್ಕೆ ವಲಯದ ಬೀಗವಿಲ್ಲ. ಡಿವಿಡಿಯಲ್ಲಿ ಅಮೆರಿಕ 1ನೆಯ ವಲಯ, ಭಾರತ 5ನೆಯದು. ಕ್ರೈಟೀರಿಯನ್ ಸಂಸ್ಥೆ 2011ರಲ್ಲಿ ‘ಎಲಿಫೆಂಟ್ ಬಾಯ್’, ‘ದಿ ಡ್ರಮ್’, ‘ಜಂಗಲ್ ಬುಕ್’ ಮೂರನ್ನೂ ಸೇರಿಸಿ ಸಾಬುವಿನ ಹೆಸರಿನಲ್ಲೇ ಒಂದು ಡಿವಿಡಿ ಗುಚ್ಛ ಹೊರತಂದಿತು. ಆದರೆ ಆ ಬೀಗ ಹಾಕಿದ ಡಿಸ್ಕು ಇಲ್ಲಿನ ಸಾಮಾನ್ಯ ಪ್ಲೇಯರಿನಲ್ಲಿ ತೆರೆಯುವುದಿಲ್ಲ. ಕಾರಾಪುರದ ಹುಡುಗನ ಒಳ್ಳೆಯ ಪ್ರತಿ ಕರ್ನಾಟಕದಲ್ಲಿ ಓಡಬೇಕಾದರೆ ಬೀಗ ಮುರಿದ ಪ್ಲೇಯರೇ ಆಗಬೇಕು.

ಕನ್ನಡ ಚಿತ್ರಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. 1934ರ ‘ಸತಿ ಸುಲೋಚನಾ’ ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ. ಇವತ್ತು ಅದರ ಪ್ರತಿ ಇಲ್ಲ. ಮೂರೇ ವರ್ಷದ ನಂತರ ತೆರೆ ಕಂಡ ‘ಎಲಿಫೆಂಟ್ ಬಾಯ್’ಗಾಗಿ ಮೈಸೂರಿನ ಕಾಡಿನಲ್ಲಿ ವಿದೇಶಿಯರು ಚಿತ್ರೀಕರಿಸಿದ ಆನೆಗಳು ತೆರೆಯ ಮೇಲೆ ಇನ್ನೂ ಓಡಾಡುತ್ತಿವೆ. 1954ರ ‘ಬೇಡರ ಕಣ್ಣಪ್ಪ’ 60 ವರ್ಷದ ಲೆಕ್ಕದಂತೆ 2015ರಿಂದ ಎಲ್ಲರದ್ದು. ಹಕ್ಕು ಮುಗಿದದ್ದರಿಂದ ‘ಜಂಗಲ್ ಬುಕ್’ ದೂರ ಬಂತೆಂದು ಈ ಲೇಖನ ವಾದಿಸುತ್ತಿದೆ ನಿಜ. ಆದರೆ ಹಕ್ಕು ಮುಗಿಯುವ ಹೊತ್ತಿಗೆ ಎಲ್ಲೋ ಒಂದು ಕಡೆ ಪ್ರತಿ ಉಳಿದಿರಬೇಕು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಷ್ಟರಲ್ಲಿ ಕನ್ನಡ ವಾಕ್ಚಿತ್ರಕ್ಕೆ ಮೂವತ್ತು ತುಂಬಿತ್ತು.

ನನ್ನ ಮೂರು ಪ್ರತಿಗಳಲ್ಲಿ ಕ್ಯಾಸೆಟ್ಟಿನ ಸ್ಥಿತಿ ಕೆಟ್ಟಿದೆ. ಸಂಡೂರಿನ ಅದಿರು ಲಾರಿಗಳು ಹಗಲಿರುಳು ಓಡಿದ ವರ್ಷಗಳಲ್ಲಿ ಡೆಕ್ಕಿನ ಹೆಡ್ಡಿಗೂ ಕೆಂಪು ಧೂಳು ಮೆತ್ತುತ್ತಿತ್ತು. ಸ್ಪಿರಿಟ್ಟು ಹಚ್ಚಿದ ಬಟ್ಟೆಯಿಂದ ಒರೆಸಿ ಮತ್ತೆ ಹಾಕುತ್ತಿದ್ದೆವು. ಈಗ ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿದಿದೆ. ಅದರ ಬೆನ್ನಿನ ಚೀಟಿಯ ಮೇಲೆ ವಿಡಿಯೋ ಸೆಂಟರಿನವರು ನೀಲಿ ಪೆನ್ನಿನಲ್ಲಿ ಬರೆದದ್ದು ‘ಆನೆ ಹುಡುಗ’ ಎಂದು. ಒಳಗಿರುವುದು ‘ಜಂಗಲ್ ಬುಕ್’. ನನ್ನ ಸಂಗ್ರಹದ ಪಟ್ಟಿಯಲ್ಲಿ ಎರಡು ಹೆಸರನ್ನೂ ನಮೂದಿಸಿದ್ದೇನೆ, ಚೀಟಿಯನ್ನು ತೆಗೆದಿಲ್ಲ.